ಬಿಗುಮಾನ

ಸುತ್ತಿಗೆ ಮುಟ್ಟಬೇಡ ಅಂದ ಅಪ್ಪ,
ನಾನಿನ್ನೂ ಗೋಡೆಯ ಕಡೆ ತಿರುಗಿಯೇ ಇರಲಿಲ್ಲ.

ಝಬ್ಬಾರಿನ ನಮ್ಮ ಗ್ಯಾರೇಜಿನ ಸುಣ್ಣಕಲ್ಲಿನ ಗೋಡೆಗೆ
ಮೊಳೆ ಹೊಡೆದು ತೂಗುಹಾಕಿದ್ದಾನೆ ನಲವತ್ತು ವರ್ಷದ ಸಂಸಾರ:
ಸ್ಪ್ಯಾನರು, ಸಾಕೆಟ್ಟು,
ಹಡಗುಕಟ್ಟೆಯಿಂದ ಊಟದ ಡಬ್ಬಿಯಲ್ಲಿ ಕೂತು
ಒಂದೊಂದಾಗಿ ಮನೆಗೆ ಬಂದ ಉಳಿಗಳು.
ಪ್ರತಿಯೊಂದರ ಹಿಂದೆ ಪೆನ್ಸಿಲ್ಲಿನಲ್ಲಿ ಅದರದೇ ನೆರಳು,
ಕಳೆದದ್ದು ಯಾವುದೆಂದು ಗೋಡೆಯೇ ಹೇಳಲಿ ಅಂತ.

ಅರವತ್ತೆಂಟರ ಮಿನಿ. ಈಸ್ಟರಿನಿಂದ ಕ್ಲಚ್ಚು ಜಾರುತ್ತಿದೆ.
ಒಂದೂವರೆ ಇಂಚಿನ ಸಾಕೆಟ್ಟಿಗೆ ನಡುವಿನ ಬೋಲ್ಟು
ನರಳಿಕೊಂಡೇ ಸಡಿಲವಾಯಿತು.
ಫ್ಲೈವೀಲು ಮಾತ್ರ ಕದಲಲಿಲ್ಲ.
ಕ್ರ್ಯಾಂಕಿನ ತುದಿ ಅಲ್ಲಿ ಓರೆಯಾಗಿ ಸಣ್ಣಗಾಗುತ್ತದೆ,
ಅದರ ಮೇಲೆ ಇದು ಕೂತಿದೆ. ಅಂಟಿಲ್ಲ, ಬೆಸುಗೆಯಿಲ್ಲ,
ಬರೀ ಬಿಗಿ.
ಕೊನೆಯ ಸಲ ಬಿಗಿದದ್ದು ತೊಂಬತ್ತೊಂದರಲ್ಲಿ,
ಅಪ್ಪ ಮತ್ತು ನೇನು, ಆರಡಿ ಪೈಪಿಗೆ ಇಬ್ಬರೂ ಜೋತುಬಿದ್ದು,
ನಗುತ್ತಾ.

ಎರಡು ಕಾಲಿನ ಪುಲ್ಲರ್ ಎತ್ತಿಕೊಂಡೆ.
'ಅಂಚು ಹಿಡಿದೆಳೆದರೆ ಅಂಚು ಮುರಿಯುತ್ತೆ,
ನಡುವಿನದು ನಡುವಿಗೇ ಗೊತ್ತು.'
ಹಾರೆ ಹಾಕಿ ಮೀಟಲೇ? ಅಪ್ಪ ಉತ್ತರಿಸಲಿಲ್ಲ,
ತನ್ನ ಹಲ್ಲನ್ನೇ ನಾಲಿಗೆಯಿಂದ ಎಣಿಸಿಕೊಂಡ.
ಆಮೇಲೆ ಇಬ್ಬರೂ ನೋಡಿದೆವು
ಗೋಡೆಯ ಮೇಲೆ ಒಡೆಯನಿಲ್ಲದ ಆ ಒಂದು ನೆರಳನ್ನು:
ಬಿಲ್ಲೆಯಷ್ಟು ದುಂಡು, ಮೂರು ತೂತು.

ಹಡಗಿನ ತಗಡು ಕತ್ತರಿಸಿ ಇಬ್ಬರೂ ಸೇರಿ ಮಾಡಿದ್ದು,
ಆರು ತಿಂಗಳು ಇಲ್ಲಿ, ಆರು ತಿಂಗಳು ಎದುರುಮನೆಯಲ್ಲಿ.
ಆ ವರ್ಷ ಹಬ್ಬದ ರಾತ್ರಿ
ಯಾವ ಕ್ಲಬ್ಬಿನ ತುತ್ತೂರಿ ಮೊದಲು ಮೂಲೆ ತಿರುಗಬೇಕೆಂದು
ಜಗಳವಾಗಿ, ಮಾತು ಬಿಟ್ಟರು.
ಮಾತು ಬಿಟ್ಟವರು ಮತ್ತೇನನ್ನೂ ಬಿಡಲಿಲ್ಲ.

ಬೀದಿ ದಾಟಿದೆ. ಎಂಟು ಹೆಜ್ಜೆ.
ನೇನು ಅದನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ,
ತುಕ್ಕಿನ ಒಂದು ಚುಕ್ಕೆಯಿಲ್ಲ; ಎಣ್ಣೆ ಇನ್ನೂ ಹಸಿ.
'ಬೋಲ್ಟು ಪೂರ್ತಿ ಬಿಚ್ಚಬೇಡ ಅನ್ನು ಅವನಿಗೆ,
ಎರಡು ಸುತ್ತು ಉಳಿಸಲಿ. ಇಲ್ಲದಿದ್ದರೆ ಹಾರಿ ಎದೆಗೇ ಬರುತ್ತೆ.'
'ಗೊತ್ತು ಅನ್ನು ಅವನಿಗೆ,' ಅಂದ ಅಪ್ಪ.
'ಕ್ರ್ಯಾಂಕಿನ ಸೀಳು ಅಡ್ಡಕ್ಕಿದೆಯಾ ಕೇಳು,
ಒಳಗಿನ ವಾಷರು ಬಿದ್ದೀತು.'
'ನಾನು ಹುಟ್ಟಿದಾಗಿನಿಂದ ಅಡ್ಡಕ್ಕೇ ಇದೆ ಅನ್ನು.'
ಹೀಗೆ ನಾಲ್ಕು ಸಲ ಬೀದಿ ದಾಟಿದೆ,
ನಲವತ್ತೆರಡು ವರ್ಷದ ಹೆಂಗಸು, ಗೋಜೋ ದೋಣಿಯ ಎಂಜಿನಿಯರು,
ಅಂಚೆಯವಳಾಗಿ.

ಮೂರು ಬೋಲ್ಟು ಸಮನಾಗಿ ಹೊಕ್ಕವು.
ನಡುವಿನದನ್ನು ತಿರುಗಿಸಿದೆ, ಇನ್ನೂ ತಿರುಗಿಸಿದೆ,
ಪೈಪು ಬಾಗಿತು, ಫ್ಲೈವೀಲು ಬಾಗಲಿಲ್ಲ.
'ಬಿಡು. ಹಾಗೇ ಇರಲಿ,' ಅಂದ ಅಪ್ಪ, 'ತುಸು ಯೋಚಿಸಲಿ ಅದು.'
ಗ್ಲಾಸಿನಲ್ಲಿ ಚಹಾ ಕುಡಿದೆವು.
ಬಿಸ್ಕತ್ತಿನ ಪುಡಿಗೆ ಇರುವೆ ಬಂತು.
ಬಿಗಿದಿಟ್ಟ ಕಬ್ಬಿಣ ತಣ್ಣಗೆ ಕೂತಿತ್ತು,
ಒಳಗೆ ಎಷ್ಟು ಟನ್ನು ಅಂತ ಯಾರಿಗೂ ಹೇಳದೆ.

'ಈಗ ಸುತ್ತಿಗೆ,' ಅಂದ. 'ತಾಮ್ರದ್ದು. ಒಂದೇ ಏಟು.
ಎರಡನೆಯದು ಬೇಕಾದರೆ ಮೊದಲನೆಯದು ಸುಳ್ಳು.'

ಹೊಡೆದೆ.
ಢಂ!
ಪಾರಿವಾಳಗಳು ಎದ್ದವು. ಮೂಲೆಮನೆಯ ತೆರೆಸಾ ಕಿಟಕಿ ತೆಗೆದು
ಇವತ್ತು ಯಾವ ಸಂತನ ಗರ್ನಾಲು ಅಂತ ಕೂಗಿದಳು.
ಫ್ಲೈವೀಲು ಎರಡು ಸುತ್ತಿನಷ್ಟೇ ಮುಂದೆ ಬಂದು
ಬೋಲ್ಟಿನ ತಲೆಗೆ ಒರಗಿ ನಿಂತಿತ್ತು.

ಇಳಿಸಿದೆ. ಕೈ ತುಂಬ ಭಾರ.
ಒರೆಸಿ ನೋಡಿದರೆ ಆ ಓರೆ ಮೈ
ನೆನ್ನೆ ತಾನೇ ಉಜ್ಜಿಟ್ಟ ಹಾಗೆ ಬೆಳ್ಳಗೆ:
ಗಾಳಿಗೂ ಜಾಗವಿಲ್ಲದಷ್ಟು ಬಿಗಿಯಾಗಿದ್ದದ್ದಕ್ಕೆ
ತುಕ್ಕೂ ಹಿಡಿದಿರಲಿಲ್ಲ.

'ಬಂತಾ?'
ಎದುರಿನ ಬಾಲ್ಕನಿಯಿಂದ, ಯಾರನ್ನೂ ಹೆಸರಿಸದೆ.

ಅಪ್ಪ ನನ್ನ ಮುಖ ನೋಡಿದ. ನಾನು ಕೈ ಒರೆಸುತ್ತಿದ್ದೆ,
ಒಂದೊಂದೇ ಬೆರಳು, ಉಗುರಿನ ಸಂದಿ ಕೂಡ.
ಅವನು ಬಾಗಿಲವರೆಗೆ ಹೋದ.
ಗಂಟಲು ಸರಿಮಾಡಿಕೊಂಡ.

'ಎರಡು ಸುತ್ತು ಉಳಿಸಿದ್ದೆ,' ಅಂದ
ಬೀದಿಗೆ.